ಪ್ರಯೋಗಾಲಯದ ಅಂಕಿ, ಪರೀಕ್ಷೆಯ ಅಂಕ

(ಸಂಸ್ಥೆಯ ವಾರ್ಷಿಕ ಸಮ್ಮೇಳನದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಜ್ಞಾನದ ಪರೀಕ್ಷೆ ಹೇಗಿರಬೇಕು ಎಂಬ ವಿಷಯದ ಮೇಲೆ ಮಾತನಾಡಲು ಉರ್ದು ಮತ್ತು ಕನ್ನಡ ಕಲಿಸುವ ನನ್ನನ್ನು ಏಕೆ ಕರೆದರು ಎಂದು ಕೆಲವರು ಯೋಚಿಸುತ್ತಿರಬಹುದು. ಕಾರಣ ಸರಳವಾಗಿದೆ. ನಮ್ಮ ಸಂಸ್ಥೆಯ ಪ್ರತಿಭಾ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಅಚ್ಚಿಗೆ ಹೋಗುವ ಮೊದಲು ಭಾಷೆ ನೋಡಲು ನನ್ನ ಬಳಿ ಬರುತ್ತವೆ. ಕಾಗುಣಿತ ತಿದ್ದುತ್ತಾ ತಿದ್ದುತ್ತಾ ಪ್ರಶ್ನೆಗಳನ್ನೂ ಓದಬೇಕಾಗುತ್ತದೆ. ಓದಿದಾಗ ಒಂದು ಮಾತು ಮನಸ್ಸಿಗೆ ಬಂತು. ವಿಜ್ಞಾನದ ಪತ್ರಿಕೆಗೂ ನನ್ನ ಭಾಷಾ ಪತ್ರಿಕೆಗೂ ಹೆಚ್ಚಿನ ವ್ಯತ್ಯಾಸವೇ ಇಲ್ಲ. ನಾನು ಪದ್ಯದ ಸಾರಾಂಶ ಬರೆಯಿರಿ ಎನ್ನುತ್ತೇನೆ, ಅವರು ಪ್ರಯೋಗದ ಸಾರಾಂಶ ಬರೆಯಿರಿ ಎನ್ನುತ್ತಾರೆ. ಎರಡಕ್ಕೂ ಬಾಯಿಪಾಠ ಸಾಕು.

'ವೈಜ್ಞಾನಿಕ ವಿಧಾನದ ಹಂತಗಳನ್ನು ಬರೆಯಿರಿ' ಎಂಬ ಪ್ರಶ್ನೆಯನ್ನೇ ನೋಡಿ. ಸಮಸ್ಯೆಯನ್ನು ಗುರುತಿಸುವುದು, ಊಹೆ ಮಾಡುವುದು, ಪ್ರಯೋಗ, ವೀಕ್ಷಣೆ, ತೀರ್ಮಾನ. ಈ ಐದು ಪದಗಳನ್ನು ಕ್ರಮ ತಪ್ಪದೆ ಬರೆದರೆ ಪೂರ್ಣ ಅಂಕ. ನಾನೂ ಬರೆಯಬಲ್ಲೆ. ಜೀವನದಲ್ಲಿ ಒಂದು ದಿನವೂ ಏನನ್ನೂ ಪರೀಕ್ಷಿಸಿ ನೋಡದವನೂ ಬರೆಯಬಲ್ಲ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸ್ಮರಣೆ, ಗ್ರಹಿಕೆ, ಅನ್ವಯ, ಕೌಶಲ ಎಂದು ಕಲಂಗಳನ್ನು ಎಳೆದಿರುತ್ತೇವೆ. ಅನ್ವಯ ಎಂಬ ಕಲಂನಲ್ಲಿ ಹಾಕಿದ ಪ್ರಶ್ನೆಯನ್ನು ತೆರೆದು ನೋಡಿದರೆ ಅದೂ ಸ್ಮರಣೆಯದೇ ಆಗಿರುತ್ತದೆ. 'ಮುನ್ನೆಚ್ಚರಿಕೆ ಕ್ರಮಗಳು' ಎಂಬುದಂತೂ ಇನ್ನೂ ಸ್ವಾರಸ್ಯಕರ. ಫ್ಯಾನೇ ಇಲ್ಲದ ಕೊಠಡಿಯಲ್ಲಿ ಕುಳಿತ ಮಗು 'ಪ್ರಯೋಗ ಮಾಡುವಾಗ ಫ್ಯಾನ್ ಆರಿಸಿರಬೇಕು' ಎಂದು ಬರೆದು ಅರ್ಧ ಅಂಕ ಪಡೆಯುತ್ತದೆ.

ಕಂಠಪಾಠವನ್ನು ನಾನು ಹೀಗಳೆಯುತ್ತಿಲ್ಲ. ಹಿಫ್ಜ್‌ಗೆ ನಮ್ಮ ಸಮಾಜದಲ್ಲಿ ಇರುವ ಗೌರವ ನಿಮಗೆ ಗೊತ್ತು, ನನಗೂ ಗೊತ್ತು. ಆದರೆ ಹದೀಸ್ ವಿದ್ವಾಂಸರನ್ನು ನೆನೆಯಿರಿ. ಅವರು ಸಾವಿರಾರು ವರದಿಗಳನ್ನು ಬಾಯಿಪಾಠ ಮಾಡಿದ್ದರು ಎಂಬುದು ಅರ್ಧ ಮಾತು. ಯಾರಿಂದ ಕೇಳಿದೆ, ಆತ ಯಾರಿಂದ ಕೇಳಿದ, ಇಬ್ಬರೂ ಒಂದೇ ಕಾಲದಲ್ಲಿ ಇದ್ದರೇ, ಆತನ ಜ್ಞಾಪಕಶಕ್ತಿ ಹೇಗಿತ್ತು ಎಂದು ಒಂದೊಂದನ್ನೂ ತೂಗಿ ನೋಡಿ, ಬಲವಾದದ್ದು ದುರ್ಬಲವಾದದ್ದು ಎಂದು ಬೇರ್ಪಡಿಸಿದರು ಎಂಬುದು ಉಳಿದರ್ಧ. ವಿಜ್ಞಾನದ ತರಗತಿಯಲ್ಲಿ ನಾವು ಮೊದಲರ್ಧವನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಈಗ ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ಇಲ್ಲಿ ಕುಳಿತಿರುವ ಆರನೇ ತರಗತಿಯ ಮಗುವೂ ನೂರು ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ. ಪುಸ್ತಕದಲ್ಲಿ ಹಾಗೇ ಇದೆ. ಪುಸ್ತಕ ಸುಳ್ಳು ಹೇಳುತ್ತಿಲ್ಲ, ಸಮುದ್ರ ಮಟ್ಟದ ಸಾಮಾನ್ಯ ವಾಯು ಒತ್ತಡದಲ್ಲಿ ನೂರೇ. ಆದರೆ ಬೆಂಗಳೂರು ಸಮುದ್ರ ಮಟ್ಟದಲ್ಲಿಲ್ಲ. ಅದು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸರಿಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಆದ್ದರಿಂದ ಬೆಂಗಳೂರಿನ ಯಾವ ಶಾಲೆಯಲ್ಲಿ ನೀರು ಕಾಯಿಸಿದರೂ ಒಳ್ಳೆಯ ಥರ್ಮಾಮೀಟರ್ ಸುಮಾರು 97 ತೋರಿಸಬೇಕು.

ಬೆಂಗಳೂರಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯ ರೆಕಾರ್ಡ್ ಪುಸ್ತಕಗಳು ಬರವಣಿಗೆಯ ತಪ್ಪು ನೋಡಲು ಒಮ್ಮೆ ನನ್ನ ಮೇಜಿಗೆ ಬಂದಿದ್ದವು. ನೀರು ಕುದಿಯುವ ಬಿಂದು ಎಲ್ಲದರಲ್ಲೂ 100. ಒಂದೇ ಒಂದು ಪುಸ್ತಕದಲ್ಲಿ ಆ ಜಾಗದ ಕಾಗದ ಸ್ವಲ್ಪ ಸವೆದಿತ್ತು. ಬೆಳಕಿಗೆ ಹಿಡಿದರೆ ಪೆನ್ಸಿಲಿನಲ್ಲಿ ಬರೆದು ಅಳಿಸಿದ 97 ಕಾಣುತ್ತಿತ್ತು. ಅದರ ಮೇಲೆ ಶಾಯಿಯಲ್ಲಿ 100. ಆ ಹುಡುಗಿಯನ್ನು ಕರೆದು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: "ಕಂಡದ್ದು ತೊಂಬತ್ತೇಳೇ. ಎಷ್ಟು ಹೊತ್ತು ಕಾದರೂ ಮೇಲೆ ಹೋಗಲಿಲ್ಲ. ಪುಸ್ತಕದಲ್ಲಿ ನೂರು ಇದೆಯಲ್ಲ, ಅದಕ್ಕೆ ತಿದ್ದಿದೆ."

ಸಹೋದ್ಯೋಗಿಗಳೇ, ಅಷ್ಟು ಪುಸ್ತಕಗಳಲ್ಲಿ ತಾನು ಕಂಡದ್ದನ್ನು ಒಂದು ಕ್ಷಣವಾದರೂ ಕಾಗದದ ಮೇಲೆ ಇಟ್ಟವಳು ಆ ಒಬ್ಬ ಹುಡುಗಿ. ನಮ್ಮ ಪರೀಕ್ಷೆ ಆಕೆಗೆ ಏನು ಕೊಟ್ಟಿತು? ಉಳಿದವರಿಗೆ ಕೊಟ್ಟಷ್ಟೇ. ಅವಳು 97 ಎಂದೇ ಉಳಿಸಿಕೊಂಡಿದ್ದರೆ? ಆಗ ಕೆಂಪು ಶಾಯಿ ಬೀಳುತ್ತಿತ್ತು. ಅಂದರೆ ನಮ್ಮ ಮೌಲ್ಯಮಾಪನ ಪದ್ಧತಿ ನೋಡಿದವಳಿಗೆ ದಂಡ ಹಾಕಿ, ನೋಡದವರಿಗೆ ಅಂಕ ಕೊಡುವಂತಿದೆ. ಅದು ಆ ಹುಡುಗಿಗೆ ಒಂಬತ್ತನೇ ತರಗತಿಯಲ್ಲೇ ಅರ್ಥವಾಗಿತ್ತು.

ಆಕೆಗೆ ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. 'ಪುಸ್ತಕದಲ್ಲಿ 100 ಇದೆ, ನಿನಗೆ 97 ಬಂದಿದೆ. ಇದಕ್ಕೆ ಏನೇನು ಕಾರಣ ಇರಬಹುದು? ಪ್ರತಿ ಕಾರಣವನ್ನೂ ಹೇಗೆ ಪರೀಕ್ಷಿಸುವೆ?' ಈ ಒಂದೇ ಪ್ರಶ್ನೆಯಲ್ಲಿ ವೈಜ್ಞಾನಿಕ ವಿಧಾನ ಪೂರ್ತಿ ಅಡಗಿದೆ. ಮಗು ಏನೆಲ್ಲ ಹೇಳಬಹುದು ನೋಡಿ. ಥರ್ಮಾಮೀಟರೇ ಸರಿಯಿಲ್ಲ ಎನ್ನಬಹುದು. ಸರಿ, ಅದನ್ನು ಪರೀಕ್ಷಿಸುವುದು ಹೇಗೆ? ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟು ನೋಡು. ಮಂಜುಗಡ್ಡೆ ಕರಗುವ ಬಿಂದು ಬೆಂಗಳೂರಾದರೂ ಮಂಗಳೂರಾದರೂ ಬದಲಾಗುವುದಿಲ್ಲ ಎನ್ನಬಹುದು. ಅಲ್ಲಿ ಸೊನ್ನೆಯ ಬದಲು ಮೈನಸ್ 3 ತೋರಿಸಿದರೆ ಅನುಮಾನ ಉಪಕರಣದ ಮೇಲೆ. ಸೊನ್ನೆಯನ್ನೇ ತೋರಿಸಿದರೆ ಉಪಕರಣದ ಮೇಲಿನ ಅನುಮಾನ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು ಮಗು ನೀರು ಶುದ್ಧವಿರಲಿಲ್ಲ ಎನ್ನಬಹುದು. ಬೋರ್‌ವೆಲ್ ನೀರು ತಾನೇ, ಸಹಜವಾದ ಊಹೆ. ಆದರೆ ನೀರಿನಲ್ಲಿ ಉಪ್ಪು ಲವಣ ಕರಗಿದ್ದರೆ ಕುದಿಯುವ ಬಿಂದು ಏರುತ್ತದೆ, ಇಳಿಯುವುದಿಲ್ಲ. ಅದೂ ಒಂದು ಲೀಟರಿಗೆ ಸುಮಾರು 58 ಗ್ರಾಂ ಅಡುಗೆ ಉಪ್ಪು ಹಾಕಿದರೆ ಒಂದು ಡಿಗ್ರಿ. ಅಷ್ಟು ಉಪ್ಪಿರುವ ನೀರು ಸಮುದ್ರದ ನೀರಿಗಿಂತ ಹೆಚ್ಚು ಉಪ್ಪು. ಹಾಗಾಗಿ ಈ ಊಹೆ ಬಿದ್ದುಹೋಗುತ್ತದೆ. ಊಹೆ ಬಿದ್ದುಹೋದದ್ದು ಮಗುವಿನ ಸೋಲಲ್ಲ. ಒಂದು ಬಾಗಿಲು ಮುಚ್ಚಿತು, ಅಷ್ಟೇ. ಮೂರನೆಯ ಮಗು ಎತ್ತರ ಎನ್ನುತ್ತದೆ. ಅದನ್ನು ಪರೀಕ್ಷಿಸಲು ಅದೇ ಥರ್ಮಾಮೀಟರನ್ನು ಮಂಗಳೂರಿನ ನೆಂಟರ ಮನೆಗೆ ಒಯ್ದು ಅಲ್ಲಿಯೂ ನೀರು ಕಾಯಿಸಬೇಕು. ಥರ್ಮಾಮೀಟರ್ ಅದೇ ಇರಬೇಕು ಎಂದು ಮಗು ತಾನಾಗಿ ಹೇಳಿದರೆ, ಆ ಒಂದು ಪದಕ್ಕೇ ನಾನು ಒಂದು ಅಂಕ ಕೊಡುತ್ತೇನೆ.

ಮಲೆನಾಡಿನ ಎತ್ತರದ ಊರುಗಳಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಏಕೆ ಹೆಚ್ಚು ಹೊತ್ತು ಬೇಕು, ಕುಕ್ಕರಿನಲ್ಲಿ ಏಕೆ ಬೇಗ ಬೇಯುತ್ತದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ನಮ್ಮ ತಾಯಂದಿರಿಗೆ ಇದು ಗೊತ್ತು. ಅದು ವಿಜ್ಞಾನ ಎಂದು ಅವರಿಗೆ ಯಾರೂ ಹೇಳಿಲ್ಲ.

ಭಾಷೆಯ ಮೇಷ್ಟ್ರಾದ ಮೇಲೆ ಭಾಷೆಯ ಮಾತು ಒಂದೆರಡು ಬಂದೇ ಬರುತ್ತದೆ. ಕನ್ನಡದಲ್ಲಿ ಪ್ರಯೋಗದಿಂದ ಬಂದದ್ದನ್ನೂ ಫಲಿತಾಂಶ ಎನ್ನುತ್ತೇವೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಬಂದದ್ದನ್ನೂ ಫಲಿತಾಂಶ ಎನ್ನುತ್ತೇವೆ. ಉರ್ದುವಿನಲ್ಲಿಯೂ ಎರಡಕ್ಕೂ ನತೀಜಾ. ಮಕ್ಕಳು ಎರಡನ್ನೂ ಒಂದೇ ಎಂದುಕೊಂಡರೆ ಆಶ್ಚರ್ಯವಿಲ್ಲ. ಒಳ್ಳೆಯ ಫಲಿತಾಂಶ ಬರಬೇಕಾದರೆ ಫಲಿತಾಂಶವನ್ನು ಒಳ್ಳೆಯದು ಮಾಡಿಕೊಳ್ಳಬೇಕು! ಉರ್ದು ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಊಹೆಗೆ, ಅಂದರೆ ಪ್ರಯೋಗಕ್ಕೆ ಮುಂಚೆ ಇಟ್ಟುಕೊಳ್ಳುವ ಪ್ರಾಕಲ್ಪನೆಗೆ, ಉರ್ದುವಿನಲ್ಲಿ ಮಫ್ರೂಜಾ ಎನ್ನುತ್ತಾರೆ. ಫರ್ಜ್ ಕರೋ ಎಂದರೆ ಹೀಗೆಂದು ಇಟ್ಟುಕೋ ಎಂದರ್ಥ. ಆದರೆ ಫರ್ಜ್ ಎಂದ ಕೂಡಲೇ ಮಗುವಿನ ಮನಸ್ಸಿಗೆ ಬರುವುದು ಕಡ್ಡಾಯ ಕರ್ತವ್ಯ. ಮಫ್ರೂಜಾ ಎಂದರೆ ಒಪ್ಪಲೇಬೇಕಾದ ಮಾತು ಎಂದು ಮಗು ತಿಳಿಯುತ್ತದೆ. ತಪ್ಪಾಗಿರಲು ಅವಕಾಶ ಇರುವ ಮಾತು ಎಂದು ನಾವು ಬಿಡಿಸಿ ಹೇಳಬೇಕು. ತಜ್ರುಬಾ ಎಂಬ ಪದ ಮಾತ್ರ ನಮ್ಮ ಕಡೆ ಇದೆ. ಅದಕ್ಕೆ ಪ್ರಯೋಗ ಎಂಬ ಅರ್ಥವೂ ಇದೆ, ಅನುಭವ ಎಂಬ ಅರ್ಥವೂ ಇದೆ. ಬೇರೆಯವರ ರೆಕಾರ್ಡ್ ನೋಡಿ ಬರೆದದ್ದನ್ನು ಅನುಭವ ಎನ್ನಲು ಯಾರಿಗಾದರೂ ನಾಲಿಗೆ ಬರುತ್ತದೆಯೇ?

ಕನ್ನಡದ ಪ್ರಮಾಣ ಎಂಬ ಪದವನ್ನೂ ನೋಡಿ. ಪ್ರಮಾಣ ಎಂದರೆ ಅಳತೆ. ಪ್ರಮಾಣ ಎಂದರೆ ಆಧಾರ, ಪುರಾವೆ. ಪ್ರಮಾಣ ಮಾಡುವುದು ಎಂದರೆ ಆಣೆ ಇಡುವುದು. ಅಳತೆ ಬರೆಯುವವನು ಒಂದು ರೀತಿಯಲ್ಲಿ ಸಾಕ್ಷಿ ಹೇಳುತ್ತಿದ್ದಾನೆ. ತಕ್ಕಡಿಯಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನ್‌ನಲ್ಲಿ ಒಂದು ಸೂರಃ ಆರಂಭವಾಗುವುದೇ ಎಚ್ಚರಿಕೆಯಿಂದ ಎಂಬುದು ನಿಮಗೆಲ್ಲ ತಿಳಿದಿದೆ. ಅಂಗಡಿಯ ತಕ್ಕಡಿಗೆ ಒಂದು ನ್ಯಾಯ, ಪ್ರಯೋಗಾಲಯದ ತಕ್ಕಡಿಗೆ ಇನ್ನೊಂದು ನ್ಯಾಯ ಇರಲಾರದು. ಕಣ್ಣಿಗೆ ಕಂಡ ಅಂಕಿ ಅಮಾನತ್.

ಬರದೇ ಇರಬೇಕಾದ ಅಂಕಿ ಬಂದಾಗ ಅದನ್ನು ಒರೆಸದೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. 1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿರುವ ಸಾರಜನಕವನ್ನೆಲ್ಲ ವಿದ್ಯುತ್ ಕಿಡಿಗಳ ಮೂಲಕ ಬೇರೆ ರೂಪಕ್ಕೆ ತಿರುಗಿಸಲು ನೋಡಿದರು. ಎಷ್ಟು ಮಾಡಿದರೂ ಒಂದು ಸಣ್ಣ ಗುಳ್ಳೆ ಉಳಿಯಿತು, ಒಟ್ಟಿನ 120ನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಅದು ಏನೆಂದು ಅವರಿಗೆ ತಿಳಿಯಲಿಲ್ಲ. ಆದರೂ ಬರೆದಿಟ್ಟರು. ಸುಮಾರು ನೂರು ವರ್ಷಗಳ ನಂತರ ಲಾರ್ಡ್ ರೇಲೀ ಸಾರಜನಕದ ಸಾಂದ್ರತೆಯನ್ನು ಅಳೆಯುತ್ತಿದ್ದರು. ಗಾಳಿಯಿಂದ ಪಡೆದ ಸಾರಜನಕ ಲೀಟರಿಗೆ 1.2572 ಗ್ರಾಂ ತೂಗಿತು. ಅಮೋನಿಯಾ ಮುಂತಾದ ರಾಸಾಯನಿಕಗಳಿಂದ ತೆಗೆದ ಸಾರಜನಕ 1.2505 ಗ್ರಾಂ. ವ್ಯತ್ಯಾಸ ನೂರಕ್ಕೆ ಅರ್ಧ ಪಾಲು. ನಮ್ಮ ರೆಕಾರ್ಡ್ ಪುಸ್ತಕದಲ್ಲಾದರೆ ಎರಡನ್ನೂ 1.25 ಎಂದು ಬರೆದು ಮುಗಿಸುತ್ತಿದ್ದೆವು. ರೇಲೀ ಮುಗಿಸಲಿಲ್ಲ. 1892ರಲ್ಲಿ ನೇಚರ್ ಪತ್ರಿಕೆಗೆ ಕಾಗದ ಬರೆದು, ಹೀಗೇಕೆ ಬರುತ್ತಿದೆ, ಯಾರಾದರೂ ಹೇಳಬಲ್ಲಿರಾ ಎಂದು ಓದುಗರನ್ನೇ ಕೇಳಿದರು. 1894ರಲ್ಲಿ ಅವರು ಮತ್ತು ವಿಲಿಯಂ ರ್‍ಯಾಮ್ಸೆ ಸೇರಿ ಗಾಳಿಯಲ್ಲಿ ಅಡಗಿದ್ದ ಹೊಸ ಅನಿಲವನ್ನು ಕಂಡುಹಿಡಿದರು. ಅದೇ ಆರ್ಗಾನ್. ಕ್ಯಾವೆಂಡಿಶರ ಗುಳ್ಳೆಯಲ್ಲಿ ಇದ್ದದ್ದೂ ಅದೇ. 1904ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು, ರೇಲೀಗೆ ಭೌತಶಾಸ್ತ್ರದಲ್ಲಿ, ರ್‍ಯಾಮ್ಸೆಗೆ ರಸಾಯನಶಾಸ್ತ್ರದಲ್ಲಿ. ನೀವು, ನಾನು, ಇಲ್ಲಿರುವ ಎಲ್ಲರೂ ಪ್ರತಿ ಉಸಿರಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಒಳಗೆಳೆದುಕೊಳ್ಳುತ್ತಿದ್ದ ಅನಿಲ ಅದು.

ನಮ್ಮವರ ಹೆಸರು ಹೇಳಲಿಲ್ಲವಲ್ಲ ಎಂದು ಕೆಲವರಿಗೆ ಅನಿಸುತ್ತಿರಬಹುದು. ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಹಿರಿಯರು ಕ್ಷಮಿಸಬೇಕು. ವಾರ್ಷಿಕೋತ್ಸವದ ದಿನ ಇಬ್ನುಲ್ ಹೈಸಮ್, ಅಲ್ ರಾಝಿ, ಅಲ್ ಬಿರೂನಿ ಎಂದು ಹೆಸರುಗಳನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ ತೋರಿಸಿ ಮತ್ತೆ ಪೆಟ್ಟಿಗೆಗೆ ಹಾಕುವ ಅಭ್ಯಾಸ ನಮಗಿದೆ. ಅವರು ಏನು ಮಾಡಿದರು ಎಂದು ಕೇಳಿದರೆ ಹೇಳುವವರು ಕಡಿಮೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಸಮ್ ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ಅಭಿಪ್ರಾಯವನ್ನು ಬದಿಗಿಟ್ಟು, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸಿದರು. ಕತ್ತಲೆ ಕೋಣೆ, ರಂಧ್ರ, ದೀಪಗಳನ್ನಿಟ್ಟು ಪರೀಕ್ಷಿಸಿದರು. ಕಿತಾಬುಲ್ ಮನಾಜಿರ್ ಅದರ ದಾಖಲೆ. ಅವರ ಇನ್ನೊಂದು ಗ್ರಂಥಕ್ಕೆ ಅಶ್ಶುಕೂಕ್ ಅಲಾ ಬತ್ಲಮಿಯೂಸ್ ಎಂದು ಹೆಸರು. ಬತ್ಲಮಿಯೂಸ್ ಅಂದರೆ ಟಾಲೆಮಿ, ಆ ಕಾಲದ ಖಗೋಳ ವಿದ್ಯೆಗೆ ದೊಡ್ಡ ಗುರು. ಅವರ ಮೇಲಿನ ಸಂದೇಹಗಳು ಎಂಬುದೇ ಪುಸ್ತಕದ ಹೆಸರು. ದೊಡ್ಡವರ ಪುಸ್ತಕದಲ್ಲಿ ಇದೆಯಲ್ಲ ಎಂದು ಅವರು ತಮ್ಮ ಅಂಕಿಯನ್ನು ಅಳಿಸಲಿಲ್ಲ.

ಅಲ್ ರಾಝಿಯವರ ವಿಷಯ ಇನ್ನೂ ಉಪಯುಕ್ತ, ಏಕೆಂದರೆ ಅದರಿಂದ ಒಂದು ಒಳ್ಳೆಯ ಪ್ರಶ್ನೆ ತಯಾರಿಸಬಹುದು. ಮೆದುಳಿನ ಉರಿಯೂತಕ್ಕೆ ಸಂಬಂಧಿಸಿದ ಒಂದು ಕಾಯಿಲೆಗೆ ರಕ್ತ ತೆಗೆಯುವ ಚಿಕಿತ್ಸೆ ಉಪಕಾರಿಯೇ ಎಂದು ತಿಳಿಯಲು ಅವರು ಒಂದು ಗುಂಪಿನ ರೋಗಿಗಳಿಗೆ ಅದನ್ನು ಮಾಡಿ, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡದೆ ಬಿಟ್ಟರು. ಮೊದಲ ಗುಂಪು ಉಳಿಯಿತು ಎಂದು ದಾಖಲಿಸಿದರು. ಇದು ಸಾವಿರ ವರ್ಷಕ್ಕೂ ಹಿಂದಿನ ಮಾತು. ಹೋಲಿಸಲು ಒಂದು ಗುಂಪು ಬೇಕು ಎಂಬ ತಿಳುವಳಿಕೆಯೇ ದೊಡ್ಡದು. ಆದರೆ ಇಂದು ಯಾವ ವೈದ್ಯರೂ ಆ ಕಾಯಿಲೆಗೆ ರಕ್ತ ತೆಗೆಯುವುದಿಲ್ಲ. ಹಾಗಾದರೆ ಮಕ್ಕಳನ್ನು ಕೇಳಿ: 'ವಿಧಾನ ಸರಿಯಿದ್ದೂ ತೀರ್ಮಾನ ನಿಲ್ಲಲಿಲ್ಲ, ಏಕಿರಬಹುದು? ಅಲ್ ರಾಝಿ ಎದುರಿಗಿದ್ದರೆ ನೀವು ಇನ್ನೇನು ಕೇಳುತ್ತಿದ್ದಿರಿ?' ಎಷ್ಟು ಜನ ರೋಗಿಗಳಿದ್ದರು? ಎರಡೂ ಗುಂಪಿನವರ ಕಾಯಿಲೆ ಒಂದೇ ಮಟ್ಟದಲ್ಲಿತ್ತೇ? ಯಾರು ಯಾವ ಗುಂಪಿಗೆ ಎಂದು ಹೇಗೆ ನಿರ್ಧರಿಸಿದರು? ಇಂಥ ಪ್ರಶ್ನೆ ಕೇಳಿದ ಮಗು ಅಲ್ ರಾಝಿಗೆ ಅಗೌರವ ತೋರಿಸುತ್ತಿಲ್ಲ. ಅವರ ಶಿಷ್ಯನಾಗುತ್ತಿದೆ.

ಈಗ ಲೋಲಕಕ್ಕೆ ಬರೋಣ. ಲೋಲಕಕ್ಕೆ ಪ್ರಯೋಗಾಲಯ ಬೇಡ. ದಾರ, ಕಲ್ಲು, ಕಿಟಕಿಯ ಸರಳು, ಕೈಗಡಿಯಾರ ಸಾಕು. ಬಿ.ಎಡ್. ಮಾಡಿದ ನಾವೆಲ್ಲರೂ ಜೀನ್ ಪಿಯಾಜೆಯವರ ನಾಲ್ಕು ಹಂತಗಳನ್ನು ಕಂಠಪಾಠ ಮಾಡಿ ಬರೆದವರೇ. ಅವರೂ ಬಾರ್ಬೆಲ್ ಇನ್ಹೆಲ್ಡರ್ ಅವರೂ ಸೇರಿ 1955ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಕ್ಕಳ ಕೈಗೆ ಲೋಲಕ ಕೊಟ್ಟು, ಅದರ ವೇಗವನ್ನು ನಿರ್ಧರಿಸುವುದು ಯಾವುದು ಎಂದು ಹುಡುಕಲು ಬಿಟ್ಟದ್ದರ ವಿವರ ಇದೆ. ದಾರದ ಉದ್ದವೋ, ಕಲ್ಲಿನ ತೂಕವೋ, ಎಳೆದು ಬಿಟ್ಟ ದೂರವೋ? ಚಿಕ್ಕ ಮಕ್ಕಳು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ಗೊಂದಲಕ್ಕೆ ಬೀಳುತ್ತಾರೆ. ಒಂದನ್ನು ಮಾತ್ರ ಬದಲಾಯಿಸಿ ಉಳಿದದ್ದನ್ನು ಹಾಗೆಯೇ ಇಡಬೇಕು ಎಂಬ ಬುದ್ಧಿ ಬಂದಾಗ ಯೋಚನೆಯ ಹೊಸ ಮೆಟ್ಟಿಲು ಬಂತು ಎಂದರ್ಥ.

ಇದನ್ನು ಕಾಗದದ ಮೇಲೂ ಪರೀಕ್ಷಿಸಬಹುದು. ಮೂರು ಲೋಲಕಗಳಿವೆ ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 80 ಸೆಂ.ಮೀ. ದಾರ, 100 ಗ್ರಾಂ ತೂಕ. ಎರಡನೆಯದಕ್ಕೆ 40 ಸೆಂ.ಮೀ. ದಾರ, 50 ಗ್ರಾಂ. ಮೂರನೆಯದಕ್ಕೆ 80 ಸೆಂ.ಮೀ. ದಾರ, 50 ಗ್ರಾಂ. ತೂಕದಿಂದ ವ್ಯತ್ಯಾಸ ಆಗುತ್ತದೆಯೇ ಎಂದು ತಿಳಿಯಲು ಯಾವ ಎರಡನ್ನು ಹೋಲಿಸಬೇಕು, ಏಕೆ? ಮೊದಲನೆಯದು ಮತ್ತು ಎರಡನೆಯದು ಎಂಬುದು ಮಕ್ಕಳು ಜಾರಿ ಬೀಳುವ ಉತ್ತರ, ಅವೆರಡರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ. ಸರಿಯಾದ ಉತ್ತರ ಮೊದಲನೆಯದು ಮತ್ತು ಮೂರನೆಯದು, ಏಕೆಂದರೆ ಅಲ್ಲಿ ದಾರ ಸಮ. 'ಏಕೆ' ಎಂಬುದಕ್ಕೆ ಪ್ರತ್ಯೇಕ ಅಂಕ ಇಡಬೇಕು. ಅಮೆರಿಕದ ಆಂಟನ್ ಲಾಸನ್ 1978ರಲ್ಲಿ ಪ್ರಕಟಿಸಿದ ತಾರ್ಕಿಕ ಚಿಂತನೆಯ ಪರೀಕ್ಷೆಯಲ್ಲಿ ಉತ್ತರದ ಜೊತೆಗೆ ಅದರ ಕಾರಣವನ್ನೂ ಕೇಳುವ ಪದ್ಧತಿ ಇದೆ. ಊಹಿಸಿ ಗುರುತು ಹಾಕಿದವನೂ ತಿಳಿದು ಹಾಕಿದವನೂ ಆಗ ಬೇರೆ ಬೇರೆಯಾಗಿ ಕಾಣುತ್ತಾರೆ.

ಇನ್ನು ದತ್ತಾಂಶದ ಪ್ರಶ್ನೆ. ಒಬ್ಬ ವಿದ್ಯಾರ್ಥಿ ಲೋಲಕ 20 ಸಲ ಪೂರ್ತಿ ತೂಗಲು ಹಿಡಿದ ಕಾಲವನ್ನು ಹೀಗೆ ಬರೆದಿದ್ದಾನೆ. ದಾರ 20 ಸೆಂ.ಮೀ. ಇದ್ದಾಗ 18.0 ಸೆಕೆಂಡು. 40 ಇದ್ದಾಗ 25.4. 60 ಇದ್ದಾಗ 29.6. 80 ಇದ್ದಾಗ 35.9. 100 ಇದ್ದಾಗ 40.1. ಇದರಲ್ಲಿ ಯಾವ ಅಂಕಿಯ ಮೇಲೆ ನಿಮಗೆ ಅನುಮಾನ? ವಿದ್ಯಾರ್ಥಿಗಳೇ, ಸೂತ್ರ ನೆನಪಾಗದಿದ್ದರೂ ಪರವಾಗಿಲ್ಲ. ಪಕ್ಕಪಕ್ಕದ ಅಂಕಿಗಳ ಅಂತರ ತೆಗೆಯಿರಿ: 7.4, 4.2, 6.3, 4.2. ಇಳಿದು, ಏರಿ, ಮತ್ತೆ ಇಳಿಯುತ್ತಿದೆ. ನಡುವಿನ 29.6ರಲ್ಲಿ ಏನೋ ಆಗಿದೆ. ಅದು 31ರ ಆಸುಪಾಸಿನಲ್ಲಿ ಇದ್ದಿದ್ದರೆ ಅಂತರಗಳು ಒಂದೇ ಸಮನೆ ಇಳಿಯುತ್ತಿದ್ದವು. ಇನ್ನೂ ಸೂಕ್ಷ್ಮವಾಗಿ ನೋಡುವ ಮಗು ಇದ್ದರೆ, ಕೊರತೆ ಸುಮಾರು ಒಂದೂವರೆ ಸೆಕೆಂಡು, ಅಂದರೆ ಹೆಚ್ಚು ಕಡಿಮೆ ಒಂದು ತೂಗಾಟದ ಕಾಲ ಎಂದು ಗುರುತಿಸುತ್ತದೆ. ಎಣಿಸುವಾಗ 19ಕ್ಕೇ ನಿಲ್ಲಿಸಿರಬೇಕು. ದಾರ ಬಿಟ್ಟ ಕೂಡಲೇ ಸೊನ್ನೆ ಎನ್ನುವ ಬದಲು ಒಂದು ಎಂದು ಎಣಿಕೆ ಶುರುಮಾಡುವುದು ನಮ್ಮ ಮಕ್ಕಳಿಗೆ ಬಹಳ ಸಾಮಾನ್ಯ.

ಪ್ರಶ್ನೆಯ ತಿರುಳು ಇರುವುದು ಮುಂದಿನ ಭಾಗದಲ್ಲಿ: 'ಈಗ ಆ ವಿದ್ಯಾರ್ಥಿ ಏನು ಮಾಡಬೇಕು?' 29.6 ಅಳಿಸಿ 31.1 ಬರೆಯಬೇಕು ಎಂದು ಬರೆದರೆ ಸೊನ್ನೆ. ಆ ಅಳತೆಯನ್ನು ಮತ್ತೆ ಎರಡು ಮೂರು ಸಲ ತೆಗೆದುಕೊಳ್ಳಬೇಕು, ಹಳೆಯದನ್ನು ಗೆರೆ ಎಳೆದು ಓದುವಂತೆ ಉಳಿಸಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು ಎಂದರೆ ಪೂರ್ಣ ಅಂಕ. ಮತ್ತೆ ಅಳೆದಾಗಲೂ 29.6 ಬಂದರೆ? ಆಗ ಎಣಿಕೆ ತಪ್ಪು ಎಂಬ ಊಹೆ ಬಿದ್ದಿತು, ದಾರದ ಉದ್ದ ಅಳೆದು ನೋಡಬೇಕು. ಹೀಗೆ ಎರಡು ಹೆಜ್ಜೆ ಮುಂದಕ್ಕೆ ಯೋಚಿಸುವ ಮಗುವನ್ನು ಪ್ರತಿಭಾ ಪರೀಕ್ಷೆಯಲ್ಲಿ ಆರಿಸಲಾಗದಿದ್ದರೆ ಅದಕ್ಕೆ ಆ ಹೆಸರು ಏಕೆ?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೌಲ್ಯಮಾಪಕರಿಗೆ ಕಷ್ಟ, ಮಾದರಿ ಉತ್ತರ ಒಂದೇ ಇರುವುದಿಲ್ಲ ಎನ್ನುತ್ತಾರೆ. ನಿಜ, ಕಷ್ಟವೇ. ಪ್ರಬಂಧ ತಿದ್ದುವ ಭಾಷಾ ಶಿಕ್ಷಕರು ಈ ಕಷ್ಟವನ್ನು ಪ್ರತಿ ವರ್ಷ ಪಡುತ್ತಲೇ ಇದ್ದೇವೆ, ಯಾರೂ ಸತ್ತಿಲ್ಲ. ಪ್ರಯೋಗಾಲಯ ಇಲ್ಲ ಎನ್ನುತ್ತಾರೆ. ನಾನು ಹೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ಅದು ಬೇಕಿಲ್ಲ.

ಮೂರನೆಯ ಆಕ್ಷೇಪಣೆ ಮಾತ್ರ ಭಾರವಾದದ್ದು. ನಮ್ಮ ಮಕ್ಕಳು ಮೊದಲೇ ಹಿಂದುಳಿದಿದ್ದಾರೆ, ಬಾಯಿಪಾಠದಿಂದಲಾದರೂ ಪಾಸಾಗುತ್ತಾರೆ, ಅದನ್ನೂ ತಪ್ಪಿಸಬೇಡಿ ಎಂದು ಒಬ್ಬ ಹಿರಿಯ ಮುಖ್ಯೋಪಾಧ್ಯಾಯಿನಿ ನನಗೆ ಹೇಳಿದರು. ಅವರ ಕಳಕಳಿ ಸುಳ್ಳಲ್ಲ. ಆದ್ದರಿಂದಲೇ ನಾನು ಇಡೀ ಪತ್ರಿಕೆಯನ್ನು ಬದಲಾಯಿಸಿ ಎನ್ನುತ್ತಿಲ್ಲ. ಆದರೆ ಹತ್ತನೇ ತರಗತಿಯವರೆಗೆ ಉರ್ದುವಿನಲ್ಲಿ ಅಥವಾ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ಮಗುವಿಗೆ ಏನಾಗುತ್ತದೆ ನೋಡಿ. ಒಂದೇ ದಿನದಲ್ಲಿ ಭಾಷೆ ಇಂಗ್ಲಿಷ್ ಆಗುತ್ತದೆ. ಬಾಯಿಪಾಠ ಮಾಡಿದ ವಾಕ್ಯಗಳು ಉರ್ದುವಿನಲ್ಲಿದ್ದವು, ಕನ್ನಡದಲ್ಲಿದ್ದವು. ಅವು ಹಳೆಯ ಶಾಲೆಯಲ್ಲೇ ಉಳಿದುಬಿಡುತ್ತವೆ. 25.4 ಮತ್ತು 29.6ರ ಅಂತರ ಯಾವ ಭಾಷೆಯಲ್ಲಿದೆ? ಕೋಷ್ಟಕ ಓದಲು ಕಲಿತ ಮಗು ಅದನ್ನು ಯಾವ ಮಾಧ್ಯಮಕ್ಕೆ ಹೋದರೂ ಜೊತೆಗೆ ಒಯ್ಯುತ್ತದೆ. ಬಡವರ ಮಗುವಿಗೆ ಒಯ್ಯಲು ಅದಕ್ಕಿಂತ ಹಗುರವಾದ, ಅದಕ್ಕಿಂತ ಬೆಲೆಯುಳ್ಳ ಸಾಮಾನು ನನಗೆ ಕಾಣುವುದಿಲ್ಲ.

ಇದು ನಮ್ಮ ಸಮಾಜದ ಮಕ್ಕಳ ಸಮಸ್ಯೆ ಮಾತ್ರ ಎಂದೂ ತಿಳಿಯಬೇಡಿ. ಹದಿನೈದು ವರ್ಷದ ಮಕ್ಕಳಿಗಾಗಿ ನಡೆಯುವ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನಲ್ಲಿ ನಮ್ಮ ದೇಶದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿದವು. ಶಿಕ್ಷಣದಲ್ಲಿ ಮುಂದಿರುವ ರಾಜ್ಯಗಳೇ. ಆದರೂ ಪಟ್ಟಿಯ ಕೊನೆಯ ಸ್ಥಾನಗಳ ಬಳಿ ನಿಂತವು. ಆ ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆಯಿರಿ ಎಂದು ಕೇಳುವುದಿಲ್ಲ. ಒಂದು ವಿಚಾರಣೆಯನ್ನು ರೂಪಿಸಬಲ್ಲೆಯಾ, ಮುಂದಿಟ್ಟ ಅಂಕಿಗಳಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳುತ್ತಾರೆ.

ಕೊನೆಯದಾಗಿ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಇಡುತ್ತೇನೆ. ಬರುವ ವರ್ಷದ ಪ್ರತಿಭಾ ಪರೀಕ್ಷೆಯ ವಿಜ್ಞಾನ ಪತ್ರಿಕೆಯಲ್ಲಿ 50ಕ್ಕೆ 15 ಅಂಕ ಇಂಥ ಪ್ರಶ್ನೆಗಳಿಗೆ ಮೀಸಲಿಡಿ. ಪ್ರಶ್ನೆ ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇರಲಿ, ಉತ್ತರ ಮಗು ಯಾವ ಭಾಷೆಯಲ್ಲಿ ಬರೆದರೂ ಸರಿ, ಎರಡು ಭಾಷೆ ಬೆರೆಸಿ ಬರೆದರೂ ಸರಿ. ಆ 15 ಅಂಕಗಳಿಗೆ ಕಾಗುಣಿತಕ್ಕಾಗಿ ಅಂಕ ಕಡಿಯಬೇಡಿ. ಭಾಷಾ ಶಿಕ್ಷಕರ ಬಾಯಿಂದಲೇ ಈ ಮಾತು ಬರುತ್ತಿದೆ, ದಯವಿಟ್ಟು ನಡಾವಳಿಯಲ್ಲಿ ಬರೆದುಕೊಳ್ಳಿ.

ಇನ್ನು ಸದಸ್ಯ ಶಾಲೆಗಳ ಶಿಕ್ಷಕರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇಲ್ಲಿ ಭಟ್ಕಳದವರು, ಮಡಿಕೇರಿಯವರು, ಕಲಬುರಗಿಯವರು, ಬೆಂಗಳೂರಿನವರು ಎಲ್ಲರೂ ಇದ್ದೀರಿ. ನಿಮ್ಮ ನಿಮ್ಮ ಶಾಲೆಯಲ್ಲಿ ಶಿಕ್ಷಕರ ಸಮ್ಮುಖದಲ್ಲಿ ನೀರು ಕಾಯಿಸಿ, ಥರ್ಮಾಮೀಟರಿನ ಬುಡ ಪಾತ್ರೆಯ ತಳಕ್ಕೆ ತಾಗದಂತೆ ಹಿಡಿದು, ಅಂಕಿ ಒಂದೇ ಕಡೆ ನಿಂತ ಮೇಲೆ ಮೂರು ಸಲ ಬರೆದುಕೊಳ್ಳಿ. ಅದೇ ಥರ್ಮಾಮೀಟರ್ ಕರಗುವ ಮಂಜುಗಡ್ಡೆಯಲ್ಲಿ ಎಷ್ಟು ತೋರಿಸಿತು ಎಂದೂ ಬರೆಯಿರಿ. ಊರಿನ ಹೆಸರು, ತಾರೀಖು, ಬರೆದವರ ತರಗತಿ ಹಾಕಿ ಸಂಸ್ಥೆಯ ಕಚೇರಿಗೆ ಕಳುಹಿಸಿಕೊಡಿ. ಯಾವ ಊರಿನಲ್ಲಿ ಎಷ್ಟು ಬರಬೇಕು ಎಂದು ನಾನು ಈಗ ಹೇಳುವುದಿಲ್ಲ. ಬಂದ ಅಂಕಿಗಳನ್ನೆಲ್ಲ, ಹೊಂದದೇ ಇರುವವನ್ನೂ ಬಿಡದೆ, ಒಂದು ಕೋಷ್ಟಕ ಮಾಡಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ. ಮುಂದಿನ ವರ್ಷದ ಪರೀಕ್ಷೆಯ ಮೊದಲ ಪ್ರಶ್ನೆ ಆ ಕೋಷ್ಟಕದ ಮೇಲೆಯೇ ಇರುತ್ತದೆ.